ಹಗ್ಗ ಕಟ್ಟಲೊಲ್ಲದ ಓಥಾ ಲಂಪ್ಕಿನ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಇಬ್ಬನಿ ಆರುವ ಮುಂಚೆ ಕತ್ತರಿಸುವ ಯಂತ್ರ ಓಡಿಸಿದರೆ ಹುಲ್ಲು ಮುದ್ದೆ ಕಟ್ಟುತ್ತದೆ. ಹಾಗಾಗಿ ಓಥಾ ಲಂಪ್ಕಿನ್ ಮೊದಲು ಕಸ ಹೆಕ್ಕುತ್ತಾರೆ. ಬಿಯರ್ ಡಬ್ಬಿ, ಕೋಳಿ ಮೂಳೆ, ಯಾರದೋ ಮಗುವಿನ ಒಂಟಿ ಚಪ್ಪಲಿ. ಚಪ್ಪಲಿಯನ್ನು ಮಾತ್ರ ಚೀಲಕ್ಕೆ ಹಾಕದೆ ಬೇಲಿಯ ಗೂಟಕ್ಕೆ ಸಿಕ್ಕಿಸುತ್ತಾರೆ, ಹುಡುಕಿಕೊಂಡು ಬಂದಾರು ಎಂದು. ವಯಸ್ಸು ಎಪ್ಪತ್ತಾರು. ಬಗ್ಗಿದಾಗ ಸೊಂಟ ಹಿಡಿಯುತ್ತದೆ, ಆದರೂ ಬಗ್ಗುತ್ತಾರೆ.

ಅಲಬಾಮಾದ ನಮ್ಮ ಹಾರ್ಪರ್ಸ್ ಬೆಂಡ್ ಊರಿನಲ್ಲಿ ಪ್ರ್ಯಾಟ್ ಫೀಲ್ಡ್ ಎಂದರೆ ಈಗ ಒಂದು ಹುಲ್ಲುಗಾವಲು, ಒಂದು ಮುರುಕು ಗೋಡೆ, ಅದಕ್ಕೆ ಆತುಕೊಂಡ, ಜನ ಕೂತು ಆಟ ನೋಡುತ್ತಿದ್ದ ಒಂದಿಷ್ಟು ಸಿಮೆಂಟ್ ಮೆಟ್ಟಿಲು. ಒಂದು ಕಾಲಕ್ಕೆ ಇದು ನಗರಸಭೆಯ ಬೇಸ್‌ಬಾಲ್ ಕ್ರೀಡಾಂಗಣ. ಓಥಾ ನಿವೃತ್ತಿಯಾದ ಮೇಲೂ ಅರ್ಧ ದಿನದ ಕೂಲಿಗೆ ಇದನ್ನು ನೋಡಿಕೊಳ್ಳುತ್ತಾರೆ. ನಾಳೆ ಇಲ್ಲಿ 'ಪರಂಪರೆ ಉದ್ಯಾನ'ದ ಉದ್ಘಾಟನೆ. ಇವತ್ತು ಓಥಾ ಕೆಲಸ ಉಳಿಯುತ್ತದೋ ಇಲ್ಲವೋ ತೀರ್ಮಾನವಾಗಬೇಕು.

ಕಾರಣ ಒಂದು ಹಗ್ಗ.

ಉದ್ಯಾನ ಸಮಿತಿಯವರಿಗೆ ಹಳೆಯ ಫೋಟೊ ಒಂದು ಸಿಕ್ಕಿದೆ. ಅದರಲ್ಲಿ ಮೆಟ್ಟಿಲುಗಳ ನಡುವೆ, ಈಗಲೂ ಅಲ್ಲಿ ನಿಂತಿರುವ ಕಂಬದ ಕಬ್ಬಿಣದ ಬಳೆಯಿಂದ ಕೆಳಗಿನ ಕಟಾಂಜನದವರೆಗೆ, ಹಗ್ಗ ಎಳೆದಿರುವುದು ಕಂಡಿದೆ. ಎಷ್ಟು ಚೆಂದ ಅನ್ನಿಸಿದೆ ಅವರಿಗೆ. ಅಂಥದ್ದೇ ದಪ್ಪ ಹಗ್ಗ ತರಿಸಿದ್ದಾರೆ, ಹಳೆಯ ಕಾಲದ ಕಳೆ ಬರಲಿ ಎಂದು. ದಿನಾ ಬೆಳಿಗ್ಗೆ ಕಟ್ಟುವುದು, ಸಂಜೆ ಬಿಚ್ಚುವುದು ಮೈದಾನದ ಕೆಲಸದವರ ಪಾಲಿಗೆ. ಅಂದರೆ ಓಥಾ ಪಾಲಿಗೆ. ಅವರು ಒಲ್ಲೆ ಎಂದಿದ್ದಾರೆ.

ಆ ಹಗ್ಗ ಯಾಕಿತ್ತು ಎಂದು ಒಬ್ಬರಾದರೂ ಕೇಳಬೇಡವೇ? ಅದರ ಈಚೆ ಬಿಳಿಯರು, ಆಚೆ ಕರಿಯರು. ಅಷ್ಟೇ ಅದರ ಚೆಂದ. ಬಿಳಿಯರ ತಂಡ 'ಮಿಲ್ಲರ್ಸ್' ಪರ ಊರಿಗೆ ಹೋದಾಗ ಕರಿಯರ ತಂಡ 'ಬ್ಲ್ಯಾಕ್ ಮಿಲ್ಲರ್ಸ್' ಬಾಡಿಗೆ ಕೊಟ್ಟು ಇಲ್ಲಿ ಆಡುತ್ತಿತ್ತು. ಅವತ್ತು ಕೂಡ ಹಗ್ಗ ಇರುತ್ತಿತ್ತು. ಆಟ ಕರಿಯರದು, ಬಾಡಿಗೆ ಕರಿಯರದು, ನೆರಳಿರುವ ಒಳ್ಳೆಯ ಜಾಗ ಮಾತ್ರ ನೋಡಲು ಬರುವ ಬಿಳಿಯರದು. ಎಲ್ಲರೂ ಜೊತೆಗೆ ಕೂರಬೇಕೆಂಬ ಕಾನೂನು ಬಂದಾಗ ನಗರಸಭೆ ಏನು ಮಾಡಿತು ಗೊತ್ತೆ? ದುರಸ್ತಿಯ ನೆಪ ಹೇಳಿ ಗೇಟಿಗೆ ಬೀಗ ಜಡಿಯಿತು. ಕೂಡಿ ಕೂರುವುದಕ್ಕಿಂತ ಆಟವೇ ಬೇಡ ಎಂದಿತು. ಆಮೇಲೆ ಕೆಡವಿ ಲಾರಿ ನಿಲ್ಲಿಸಿದರು. ಈಗ ಅದೇ ಜನರ ಮೊಮ್ಮಕ್ಕಳು ಪರಂಪರೆ ಎನ್ನುತ್ತಾರೆ. ಮೈ ಉರಿಯುತ್ತದೆ.

ಆ ಹಗ್ಗ ಕಟ್ಟುತ್ತಿದ್ದವರು ಓಥಾ ಅವರ ಅಪ್ಪ, ಎಝೆಲ್ ಲಂಪ್ಕಿನ್. ಮೈದಾನದ ಆಳು. ಬಳೆ ಇರುವುದು ಕಂಬದ ಬಿಳಿಯರ ಕಡೆಯ ಮುಖದಲ್ಲಿ. ಅಲ್ಲಿ ನಿಂತೇ ಕಟ್ಟಬೇಕು.

"ಕಟ್ಟಿದ್ಮೇಲೆ ಅಪ್ಪ ಆ ಕಡೆ ಸಿಕ್ಕಾಕ್ಕೊಂಡ್ಬಿಡೋನು," ಎನ್ನುತ್ತಾರೆ ಓಥಾ, ಮೆಟ್ಟಿಲ ಮೇಲೆ ಕೂತು. "ಬಗ್ಗಿ ಈ ಕಡೆ ಬರೋದು ಒಂದು ಹೆಜ್ಜೆ. ಬರೋ ಹಾಗಿಲ್ಲ. ಕಟ್ಟಿದ ಹಗ್ಗ ದಾಟಿದ್ರೆ ದಾಟಿದ ಹಾಗೇನೇ, ಕಟ್ಟಿದವನಾದ್ರೂ ಸರಿ. ಬಿಳಿಯರ ಗೇಟಿಂದ ಹೊರಗೆ ಹೋಗಿ, ಇಡೀ ಗೋಡೆ ಸುತ್ತಿ, ಲಾಯದ ಪಕ್ಕದ ನಮ್ಮ ಗೇಟಿಂದ ಒಳಗೆ ಬರೋನು. ನಾವು ಮಕ್ಕಳು ಇಲ್ಲಿ ಕಾಯ್ತಾ ಕೂತಿರ್ತಿದ್ವಿ. ಅಪ್ಪ ಕಣ್ಮುಂದೇನೇ ಇದ್ದ, ಆದ್ರೂ ಬರೋಕೆ ಅಷ್ಟು ಹೊತ್ತು."

ಎಝೆಲ್ ಅವರ ಮನೆಯಲ್ಲಿ ಹಗ್ಗವೇ ಇರಲಿಲ್ಲವಂತೆ. ಹಗ್ಗ ಎಂದರೆ ಈ ಸೀಮೆಯ ಕರಿಯರಿಗೆ ಮರದ ಕೊಂಬೆಯೂ ನೇಣೂ ನೆನಪಾಗುತ್ತದೆ, ಅದನ್ನು ಬಿಡಿಸಿ ಹೇಳಲಾರೆ. ಬಟ್ಟೆ ಒಣಗುವುದು ಬೇಲಿಯ ಮೇಲೆ. ಮಕ್ಕಳ ಉಯ್ಯಾಲೆಗೆ ಸರಪಳಿ. ಓಥಾ ಹೆಂಡತಿ ವರ್ಲೀನ್ ಸೊಸೆಯಾಗಿ ಬಂದ ಹೊಸದರಲ್ಲಿ ಹಿತ್ತಲಲ್ಲಿ ಹಗ್ಗ ಕಟ್ಟಿ ಸಾಲಾಗಿ ಅಂಗಿ ಹರವಿದರಂತೆ.

"ಮಾವ ಹಿತ್ತಲಿಗೆ ಬಂದ್ರು," ಎನ್ನುತ್ತಾರೆ ವರ್ಲೀನ್. ಗಂಡನಿಗೆ ಕಾಫಿ, ಬಿಸ್ಕೆಟ್ ರೊಟ್ಟಿ ತಂದಿದ್ದಾರೆ. "ಒಂದೊಂದೇ ಅಂಗಿ ತೆಗೆದು ಮಡಚಿಟ್ರು. ಹಗ್ಗ ಬಿಚ್ಚಿ ಒಲೆಗೆ ಹಾಕಿದ್ರು. ಈ ಮಹಾರಾಯ ಆದ್ರೂ ನಂಗೆ ಮೊದಲೇ ಹೇಳ್ಬಾರ್ದಿತ್ತಾ? ಬೇಲಿ ಮುಳ್ಳಿಗೆ ನನ್ನ ಎಷ್ಟು ಲಂಗ ಹರಿದಿದೆ."

"ಈಗ ಯಂತ್ರ ಕೊಡಿಸಿದೀನಲ್ಲೇ, ಒಣಗಿಸೋದು," ಎಂದು ಓಥಾ ನಗುತ್ತಾರೆ.

"ಕೊಡಿಸಿದ, ನಾನು ಮುದುಕಿ ಆದ್ಮೇಲೆ."

ಕೆಲಸ ಹೋದರೆ ತೊಂದರೆ ಇಲ್ಲವೇ ಎಂದು ಕೇಳಿದೆ. ವರ್ಲೀನ್ ನಗು ನಿಲ್ಲಿಸಿದರು. ಅವರ ಸಕ್ಕರೆ ಕಾಯಿಲೆಯ ಔಷಧಿ ಈ ಅರ್ಧ ದಿನದ ಕೂಲಿಯಲ್ಲೇ ಬರಬೇಕು. "ಔಷಧಿಗೆ ಅಂತ ನೀನು ಹಗ್ಗ ಮುಟ್ಟಿದ್ರೆ ಆ ಔಷಧಿ ನಾನು ನುಂಗಲ್ಲ," ಎಂದು ಗಂಡನಿಗೆ ಹೇಳಿ ಎದ್ದು ಹೋದರು.

ಸಂಪಾದಕರು ನನಗೆ ಎಲೆಮರೆಯ ಕಾಯಿಯ ಬಗ್ಗೆ ಬರೆಯಿರಿ ಎಂದರು. ಈ ಮೈದಾನದ ಹಿಂದಿನ ಬೀದಿಯಲ್ಲೇ ಇಷ್ಟು ವರ್ಷ ಇದ್ದು ಹೇಳುತ್ತೇನೆ, ಈ ಕಾಯಿ ತಾನಾಗಿ ಮರೆಯಾದದ್ದಲ್ಲ. ಬೇಕೆಂದೇ ಎಲೆ ಹೊದಿಸಿ ಮುಚ್ಚಿದ್ದು. ನಾಳೆ ತೆರೆಯುವ ಫಲಕದಲ್ಲಿ ಮಿಲ್ಲರ್ಸ್ ಗೆದ್ದ ಪಂದ್ಯಗಳಿವೆ, ಮೇಯರುಗಳ ಹೆಸರುಗಳಿವೆ, ಎಝೆಲ್ ಲಂಪ್ಕಿನ್ ಹೆಸರಿಲ್ಲ. ಹಗ್ಗವನ್ನು ಮಾತ್ರ ಜ್ಞಾಪಕ ಇಟ್ಟುಕೊಂಡಿದ್ದಾರೆ.

ಹುಲ್ಲು ಅರ್ಧ ಕತ್ತರಿಸುವ ಹೊತ್ತಿಗೆ ಉದ್ಯಾನ ಇಲಾಖೆಯ ಟಾಡ್ ಬೆವಿನ್ಸ್ ಬರುತ್ತಾನೆ. ಕೆಟ್ಟವನಲ್ಲ. ಹೆಗಲ ಮೇಲೆ ಹೊಸ ಹಗ್ಗದ ಸುರುಳಿ.

"ಮಿಸ್ಟರ್ ಓಥಾ, ದಯವಿಟ್ಟು ಹಟ ಮಾಡ್ಬೇಡಿ. ಅದು ಬರೀ ಅಲಂಕಾರ."

"ಅದು ಏನಾಗಿತ್ತು ಅಂತ ಸೋಮವಾರವೇ ಹೇಳಿದೀನಿ ನಿಂಗೆ."

"ಹೇಳಿದೀರಿ. ನಾನು ಸಮಿತಿಗೂ ಹೇಳ್ದೆ. ಅಯ್ಯೋ ಪಾಪ ಅಂದ್ರು. ಆದ್ರೆ ಈಗ ಹಗ್ಗ ತರಿಸಿ ಆಗಿದೆಯಲ್ಲ ಅಂತಾರೆ."

ಹಗ್ಗ ತರಿಸಿ ಆಗಿದೆಯಂತೆ. ಇದಕ್ಕೇನು ಹೇಳುತ್ತೀರಿ.

ಓಥಾ ಜೇಬಿನಿಂದ ಬೀಗದ ಕೈ ಗೊಂಚಲು ತೆಗೆದು ಮೆಟ್ಟಿಲ ಮೇಲೆ ಇಡುತ್ತಾರೆ. "ಉಳಿದ ಅರ್ಧ ಹುಲ್ಲು ಮುಗಿಸಿ ಹೋಗ್ತೀನಿ. ಹುಲ್ಲಿನದೇನೂ ತಪ್ಪಿಲ್ಲ."

ಬೆವಿನ್ಸ್ ಮುಖ ಕೆಂಪಾಗುತ್ತದೆ. ಮೆಟ್ಟಿಲು ಹತ್ತಿ, ಕಂಬದ ಆ ಕಡೆ ನಿಂತು, ತಾನೇ ಬಳೆಗೆ ಹಗ್ಗ ಹಾಕಿ ಬಿಗಿಯುತ್ತಾನೆ. ಇನ್ನೊಂದು ತುದಿಯನ್ನು ಕೆಳಗೆ ಕಟ್ಟುತ್ತಾನೆ. ಅಷ್ಟರಲ್ಲಿ ಅವನ ಫೋನು ಹೊಡೆದುಕೊಳ್ಳುತ್ತದೆ. ಕಿವಿಗಿಟ್ಟುಕೊಂಡು, ಮಾತಾಡುತ್ತಲೇ ಹಗ್ಗದ ಕೆಳಗೆ ಬಗ್ಗಿ, ಒಂದೇ ಹೆಜ್ಜೆಗೆ ನಾವಿದ್ದ ಕಡೆಗೆ ಬಂದುಬಿಡುತ್ತಾನೆ.

ಓಥಾ ಅವನು ಫೋನು ಇಡುವವರೆಗೆ ಕಾಯುತ್ತಾರೆ.

"ಈಗ ಬಂದ್ಯಲ್ಲ ಟಾಡ್, ಬಗ್ಗಿ," ಎನ್ನುತ್ತಾರೆ. "ನಮ್ಮಪ್ಪನ್ನ ಒಂದೇ ಒಂದು ದಿನ ಹಾಗೆ ಬರೋಕೆ ಬಿಟ್ಟಿದ್ದಿದ್ರೆ, ಇವತ್ತು ನಾನೇ ನಿಂಗೆ ಇದನ್ನ ಕಟ್ಟಿಕೊಡ್ತಿದ್ದೆ."