ಹೆಲ್ಮೆಟ್ ದಾಸಣ್ಣ ಮತ್ತು ಅತ್ತೆಯ ಕಾಗೆಗಳು

ಹಿರಿಯೂರಿನ ಬೀದಿಯಲ್ಲಿ ಯಾರಾದರೂ ಹೆಲ್ಮೆಟ್ ಹಾಕಿಕೊಂಡು ನಡೆದು ಹೋಗುತ್ತಿದ್ದರೆ ಅವನು ದಾಸಣ್ಣನೇ. ಬೈಕ್ ಎಲ್ಲಿ ಎಂದು ಕೇಳಬೇಡಿ, ಅದು ಮನೆಯ ಮುಂದೆ ಆರಾಮಾಗಿ ನಿಂತಿರುತ್ತದೆ. ಹಾಲು ತರುವುದಕ್ಕೆ, ಕಟಿಂಗ್ ಮಾಡಿಸುವುದಕ್ಕೆ, ಪಕ್ಕದ ಬೀದಿಯ ಗೃಹಪ್ರವೇಶದ ಊಟಕ್ಕೆ, ಎಲ್ಲದಕ್ಕೂ ಅದೇ ಕೆಂಪು ಹೆಲ್ಮೆಟ್. ಹೈವೇ ಪಕ್ಕದ ಊರಿನಲ್ಲಿದ್ದರೂ ಅವನಿಗೆ ಲಾರಿಯ ಹೆದರಿಕೆಯಿಲ್ಲ. ಹೆದರಿಕೆಯೆಲ್ಲ ಕಾಗೆಯದ್ದು.

ಹಕ್ಕಿಗಳನ್ನು ಕಟ್ಟಡದಿಂದ ದೂರ ಇಡುವುದೇ ಕಸುಬಾದ ಮನುಷ್ಯನಿಗೆ ಈ ಗತಿ ಬಂದದ್ದು ತಮಾಷೆಯೇ ಸರಿ. ದಾಸಣ್ಣನ ಹುಟ್ಟೂರು ಹೊಸದುರ್ಗ ತಾಲ್ಲೂಕಿನ ಬಾಗೂರು. ಹರೆಯದಲ್ಲಿ ಮಾರಿಕಣಿವೆ ಡ್ಯಾಮಿನ ಮೀನುಗಾರರ ಜೊತೆ ತಿರುಗಿ ಬಲೆ ಹೆಣೆಯುವುದನ್ನು ಕಲಿತ. ಮೀನು ಅವನಿಗೆ ಒಲಿಯಲಿಲ್ಲ, ಬಲೆ ಒಲಿಯಿತು. ಆಮೇಲೆ ಚಿತ್ರದುರ್ಗ, ಹೊಳಲ್ಕೆರೆ, ಹಿರಿಯೂರುಗಳಲ್ಲೆಲ್ಲ ಮೂರಂತಸ್ತಿನ ಮನೆಗಳು ಎದ್ದು, ಪ್ರತಿ ಅಂತಸ್ತಿಗೂ ಪಾರಿವಾಳಗಳು ಬಾಡಿಗೆ ಕೊಡದೆ ಬಂದು ಕೂತಾಗ, ನೀರಿಗೆ ಬೀಸುತ್ತಿದ್ದ ಬಲೆಯನ್ನು ಅವನು ಬಾಲ್ಕನಿಗೆ ಕಟ್ಟತೊಡಗಿದ. ಕೆಲಸಕ್ಕೆ ಬರಗಾಲವೇ ಬರಲಿಲ್ಲ.

ಆದರೆ ಅವನ ಕಟ್ಟುಪಾಡುಗಳು ಬಹಳ. ವಿಷ ಇಡುವುದಿಲ್ಲ, ಅಂಟು ಬಳಿಯುವುದಿಲ್ಲ, ಮೊಟ್ಟೆ ಮರಿ ಇರುವ ಗೂಡನ್ನು ಮುಟ್ಟುವುದಿಲ್ಲ. ಒಣಗಿದ ಹಿಕ್ಕೆಯನ್ನು ಹಾಗೇ ಗುಡಿಸಿದರೆ ಆ ಧೂಳು ಎದೆಗೆ ಇಳಿಯುತ್ತದೆಂದು ಮೊದಲು ನೀರು ಚಿಮುಕಿಸಿ, ನೆನೆಯಲು ಬಿಟ್ಟು, ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಕೆರೆಯುತ್ತಾನೆ. ಮನೆಯವರು ಪಕ್ಕದಲ್ಲಿ ನಿಂತು ಪಾರಿವಾಳದ ವಂಶವನ್ನೆಲ್ಲ ಬೈಯತೊಡಗಿದರೆ ಅವನಿಗೆ ಸಿಟ್ಟು ಬರುತ್ತದೆ. "ಅವೇನು ನಿಮ್ ಮ್ಯಾಲಿನ ಹಗೆಗೆ ಹೇತಾವೇನ್ರಿ? ಕುಂತ್ಕಳಾಕೆ ಅಂತ ಇಷ್ಟಗಲ ಸಜ್ಜ ಕಟ್ಸಿದೋರು ಯಾರು?" ಎನ್ನುತ್ತಾನೆ.

ಹೊಳಲ್ಕೆರೆಯ ಮರುಳಸಿದ್ದಪ್ಪನವರ ಕಲ್ಯಾಣ ಮಂಟಪದ ಕತೆ ಆ ಕಡೆಯೆಲ್ಲ ಪ್ರಸಿದ್ಧ. ಭಾನುವಾರ ಮದುವೆ. ವೇದಿಕೆಯ ನೇರ ಮೇಲೆ, ತೊಲೆಯ ಸಂದಿಯಲ್ಲಿ ಗೂಡು, ಗೂಡಿನಲ್ಲಿ ಇನ್ನೂ ರೆಕ್ಕೆ ಬಲಿಯದ ಎರಡು ಮರಿ. ದಾಸಣ್ಣ ಉಳಿದ ಕಡೆಯೆಲ್ಲ ಬಲೆ ಬಿಗಿದು, ಆ ಒಂದು ಕಿಂಡಿಯನ್ನು ಮಾತ್ರ ಬಿಟ್ಟು ಇಳಿದ.

"ಮರಿ ಹಾರಾತಂಕ ಮುಚ್ಚಾಕಾಗಲ್ಲ ಯಜಮಾನ್ರೆ," ಎಂದ.

"ಮದುಮಗನ ಪೇಟದ ಮ್ಯಾಲೆ ಬಿದ್ರೆ ಯಾರಪ್ಪ ಉತ್ತರ ಹೇಳೋರು?" ಎಂದರು ಮರುಳಸಿದ್ದಪ್ಪ.

ದಾಸಣ್ಣ ಒಂದು ದೊಡ್ಡ ಛತ್ರಿಯನ್ನು ತಲೆಕೆಳಗು ಮಾಡಿ ಗೂಡಿನ ಕೆಳಗೆ ತೂಗುಹಾಕಿ, ಸುತ್ತ ಸೇವಂತಿಗೆ ಮಾಲೆ ಇಳಿಬಿಟ್ಟ. ಬೀಳುವುದೆಲ್ಲ ಛತ್ರಿಗೇ ಬಿತ್ತು. ಮದುವೆಗೆ ಬಂದವರು ಅದನ್ನು ಹೊಸ ಡೆಕೋರೇಷನ್ ಎಂದುಕೊಂಡು ಅದರ ಕೆಳಗೇ ನಿಂತು ಫೋಟೋ ತೆಗೆಸಿಕೊಂಡರು. ಮುಂದಿನ ಮದುವೆಯವರು ತಮಗೂ ಅಂಥ ಛತ್ರಿಯೇ ಬೇಕೆಂದು ಹಟ ಹಿಡಿದಾಗ ಮರುಳಸಿದ್ದಪ್ಪ ಗುಟ್ಟು ಬಿಡದೆ ಛತ್ರಿಗೆ ಬೇರೆ ಬಾಡಿಗೆ ಹಾಕಿದರಂತೆ.

ಇಂಥವನನ್ನು ಕಾಗೆಗಳು ಹಗೆ ಎಂದು ಬಗೆದದ್ದು ಅನ್ಯಾಯ. ಹಿಂದಿನ ವರ್ಷ ಕೊಬ್ಬರಿ ಮಂಡಿಯ ಶೀಟಿನ ಮೇಲೆ ಒಂದು ಕಾಗೆಮರಿ ಗಾಳಿಪಟದ ದಾರಕ್ಕೆ ಸಿಕ್ಕಿ ಒದ್ದಾಡುತ್ತಿತ್ತು. ದಾಸಣ್ಣ ಹತ್ತಿ, ಮರಿಯನ್ನು ಕೈಯಲ್ಲಿ ಹಿಡಿದು ದಾರ ಬಿಡಿಸಿದ. ಅಷ್ಟರಲ್ಲಿ ಅದರ ಬಳಗವೆಲ್ಲ ಬಂದು ಸೇರಿತು. ಅವಕ್ಕೆ ಕಂಡದ್ದು ಇಷ್ಟೇ: ನಮ್ಮ ಮಗು ಈ ಮನುಷ್ಯನ ಮುಷ್ಟಿಯಲ್ಲಿದೆ. ಅವತ್ತು ನೆತ್ತಿಗೆ ಕುಕ್ಕಿಸಿಕೊಂಡವನಿಗೆ ಇವತ್ತಿಗೂ ಬಿಡುಗಡೆಯಿಲ್ಲ. ಕಾಗೆ ಮುಖ ಮರೆಯುವ ಜಾತಿಯಲ್ಲ, ನೆಂಟರಿಷ್ಟರಿಗೂ ತೋರಿಸಿಕೊಡುತ್ತದೆ. ದಾಸಣ್ಣ ಬೀದಿಗಿಳಿದರೆ ಕರೆಂಟ್ ಕಂಬದಿಂದ ಕಂಬಕ್ಕೆ ಸುದ್ದಿ ಮುಟ್ಟುತ್ತದೆ. ಹೆಲ್ಮೆಟ್ ಅವನ ಗುರುತನ್ನು ಮರೆಸಲಿಲ್ಲ, ನೆತ್ತಿಯನ್ನು ಉಳಿಸಿತು ಅಷ್ಟೆ.

ಈ ಕಾಗೆಗಳಿಗೆ ಊರಿನಲ್ಲಿ ಪ್ರೀತಿಯ ಮನೆ ಎಂದು ಒಂದಿದ್ದರೆ ಅದು ದಾಸಣ್ಣನದೇ. ಅದಕ್ಕೆ ಕಾರಣ ಅವನ ಅತ್ತೆ, ಹೆಂಡತಿ ಕೆಂಚಕ್ಕನ ತಾಯಿ ತಿಪ್ಪಕ್ಕ. ಗಂಡುಮಕ್ಕಳಿಲ್ಲದ ಮುದುಕಿ, ಗಂಡ ತೀರಿಕೊಂಡ ಮೇಲೆ ಮಗಳ ಮನೆ ಸೇರಿದ್ದಳು. ದಿನಾ ಬೆಳಿಗ್ಗೆ ಕಂದು ಚೌಕುಳಿ ಸೀರೆಯ ಸೆರಗನ್ನು ತಲೆತುಂಬ ಹೊದ್ದು ಮಹಡಿ ಹತ್ತುವಳು. ಹಿತ್ತಾಳೆ ಚೊಂಬನ್ನು ಮೋಟುಗೋಡೆಗೆ ಟಣಟಣ ಬಡಿಯುವಳು. ಕಾಗೆಗಳು ಬಂದು ಮಂಡಕ್ಕಿ ತಿಂದು ಹೋಗುವ ತನಕ ತಾನು ಒಂದು ತೊಟ್ಟು ಕಾಫಿ ಮುಟ್ಟುತ್ತಿರಲಿಲ್ಲ.

ಅತ್ತೆ ಅಳಿಯ ಎದುರುಬದುರು ನಿಂತು ಮಾತಾಡಬಾರದು ಎಂಬುದು ಅವರ ಮನೆತನದ ಹಳೆಯ ನಡವಳಿಕೆ. ಈಗ ಯಾರೂ ಅದನ್ನು ಅಷ್ಟಾಗಿ ಪಾಲಿಸುವುದಿಲ್ಲ, ತಿಪ್ಪಕ್ಕ ಪಾಲಿಸುತ್ತಿದ್ದಳು. ಹಾಗೆಂದು ಸುಮ್ಮನಿರುವ ಹೆಂಗಸೂ ಅಲ್ಲ. ಅಳಿಯನಿಗೆ ಹೇಳಬೇಕಾದ್ದನ್ನೆಲ್ಲ ಕಾಗೆಗಳಿಗೆ ಹೇಳುವಳು, ಕೆಳಗೆ ಬಚ್ಚಲಲ್ಲಿ ಹಲ್ಲುಜ್ಜುತ್ತಿದ್ದವನಿಗೆ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ.

"ನೋಡ್ರಪ್ಪ, ನಮ್ ಅಳಿಯಂದ್ರು ಹಾಲು ತರಾಕೆ ಯುದ್ಧಕ್ಕೆ ಹೊಂಟಂಗೆ ಹೊಂಟಾರೆ. ನೀವೇನೂ ಮಾಡಬ್ಯಾಡ್ರಿ, ಹಾಲು ಚೆಲ್ತೈತೆ."

ದಾಸಣ್ಣ ಹೆಂಡತಿಯ ಕಡೆ ತಿರುಗಿ ಅತ್ತೆಗೆ ಉತ್ತರ ಕೊಡುವನು. "ಕೆಂಚಿ, ನಿಮ್ಮವ್ವಗೆ ಹೇಳು. ಊರ ಹಕ್ಕಿ ಓಡ್ಸೋನ ಮನೆ ಮ್ಯಾಲೆ ಇಷ್ಟು ಹಿಕ್ಕೆ ಬಿದ್ದಿದ್ರೆ ನನ್ನ ಯಾರು ಕೆಲಸಕ್ಕೆ ಕರೀತಾರೆ?" ಕೆಂಚಕ್ಕ ಇಬ್ಬರ ನಡುವೆ ನಿಂತು ರೊಟ್ಟಿ ತಟ್ಟುವಳು. ಯಾರ ಮಾತನ್ನೂ ಯಾರಿಗೂ ಮುಟ್ಟಿಸುವ ಅಗತ್ಯವಿರಲಿಲ್ಲ.

ಒಂದು ಸಲ ಅವನು ಮಹಡಿಯ ತುಂಬ ಮಿಣಮಿಣ ಹೊಳೆಯುವ ಪಟ್ಟಿ ಕಟ್ಟಿದ, ಹಕ್ಕಿಗಳು ಬೆದರಲಿ ಎಂದು. ಸಂಜೆಯೊಳಗೆ ಅತ್ತೆ ಅದನ್ನೆಲ್ಲ ಬಿಚ್ಚಿ ದೇವರ ಫೋಟೋಗೆ ತೋರಣ ಮಾಡಿದ್ದಳು. ಇನ್ನೊಂದು ಸಲ, ಪಕ್ಕದ ಮನೆಯವರ ಒಣಹಾಕಿದ ಸೀರೆಗಳ ಮೇಲೆ ಕಾಗೆ ಗಲೀಜು ಮಾಡಿ ಜಗಳವಾದ ದಿನ, ದಾಸಣ್ಣ ಸಿಟ್ಟಿನಲ್ಲಿ ಮಹಡಿಯ ಬಾಗಿಲಿಗೆ ಬೀಗ ಜಡಿದ. ತಿಪ್ಪಕ್ಕ ಮೆಟ್ಟಿಲ ಮೇಲೆ ಚೊಂಬು ಹಿಡಿದು ಕೂತಳು. ಕಾಫಿ ಬೇಡ, ತಿಂಡಿ ಬೇಡ. ಕೊನೆಗೆ ಮುಚ್ಚಿದ ಬಾಗಿಲಿಗೆ ಬಾಯಿಟ್ಟು ಹೇಳಿದಳು:

"ಕೇಳ್ರಪ್ಪ ಕಾಗಿಗಳಾ. ನಾ ಹೋದ ಮ್ಯಾಲೆ ನನಗೆ ಎಡೆ ಇಡ್ತಾರೆ. ಅಳಿಯಂದ್ರು ನನ್ನ ಬಾಯ್ಬಿಟ್ಟು ಕರೆಯಾತಂಕ ನೀವ್ ಯಾರೂ ಬಂದು ಮುಟ್ಟಬ್ಯಾಡ್ರಿ."

ದಾಸಣ್ಣ ಮಧ್ಯಾಹ್ನಕ್ಕೆ ಮೊದಲೇ ಬೀಗ ತೆಗೆದ. ಆಡಿದ ಮಾತು ಮಾತ್ರ ಮನೆಯಲ್ಲೇ ಉಳಿಯಿತು.

ಈ ಚಳಿಗಾಲದಲ್ಲಿ ತಿಪ್ಪಕ್ಕ ಒಂದು ಬೆಳಿಗ್ಗೆ ಮಹಡಿಯಿಂದ ಇಳಿದು ಬಂದು, ಕಾಫಿ ಇಡಲು ಮಗಳಿಗೆ ಹೇಳಿ, ಗೋಡೆಗೊರಗಿ ಕೂತವಳು ಮತ್ತೆ ಏಳಲಿಲ್ಲ. ಕಾಗೆಗಳ ಮಂಡಕ್ಕಿ ಆಗಿತ್ತು, ಅವಳ ಕಾಫಿ ಆಗಲಿಲ್ಲ. ಕೆಂಚಕ್ಕ ಆ ಕಾಫಿಯ ಲೋಟವನ್ನು ಸಂಜೆಯವರೆಗೂ ಯಾರಿಗೂ ಎತ್ತಲು ಬಿಡಲಿಲ್ಲ.

ಹನ್ನೊಂದನೇ ದಿನದ ಕಾರ್ಯಕ್ಕೆ ಎರಡೂ ಕಡೆಯ ನೆಂಟರೆಲ್ಲ ಬಂದಿಳಿದರು. ಯಜಮಾನಿಕೆ ತಿಪ್ಪಕ್ಕನ ತಮ್ಮ ರಂಗಯ್ಯನದು. ಮಗನ ಸ್ಥಾನದಲ್ಲಿ ನಿಂತು ದಾಸಣ್ಣ ಮಹಡಿಯ ಮೇಲೆ ಬಾಳೆಲೆಯಲ್ಲಿ ಎಡೆ ಇಟ್ಟ: ಮುದ್ದೆ, ಅವರೆಕಾಳು ಸಾರು, ಒಬ್ಬಟ್ಟು, ವಡೆ, ಮುದುಕಿಗೆ ಇಷ್ಟವಾದ ಮೆಣಸಿನಕಾಯಿ ಬಜ್ಜಿ. ಕಾಗೆ ಬಂದು ಮುಟ್ಟಬೇಕು, ಆಮೇಲೆ ಉಳಿದವರ ಊಟ. ಮುಟ್ಟದಿದ್ದರೆ ಹೋದವರ ಜೀವಕ್ಕೆ ನೆಮ್ಮದಿಯಿಲ್ಲ ಎಂದು ಅರ್ಥ. ನೆಂಟರಿಗೆ ಅದು ಊಟದ ಪ್ರಶ್ನೆ, ಕೆಂಚಕ್ಕನಿಗೆ ಅವ್ವನ ಪ್ರಶ್ನೆ.

ಕಾಗೆಗಳೇನೋ ಬಂದವು. ಪಕ್ಕದ ಮನೆಯ ನೀರಿನ ಟ್ಯಾಂಕಿನ ಮೇಲೆ ಸಾಲಾಗಿ ಕೂತು, ಬರಿದಲೆಯಲ್ಲಿ ಕೈಮುಗಿದು ನಿಂತಿದ್ದ ದಾಸಣ್ಣನನ್ನು ನೋಡಿ ಬಾಯಿಗೆ ಬಂದಂತೆ ಬೈದವು. ಒಂದೂ ಇಳಿಯಲಿಲ್ಲ. ದಾಸಣ್ಣ ಕೆಳಗೆ ಹೋಗಿ ನಿಂತು ನೋಡಿದ. ಆಗ ಕಾಗೆಗಳು ಮಹಡಿಯ ತುಂಬ ಇದ್ದ ಹೊಸ ಮುಖಗಳನ್ನು ಕಂಡು ಇಳಿಯಲಿಲ್ಲ. ನೆಂಟರು ಮೆಟ್ಟಿಲಿಗೆ ಸರಿದರೂ ಇಳಿಯಲಿಲ್ಲ.

"ಅಕ್ಕಗೆ ಏನೋ ಆಸೆ ಉಳದೈತೆ," ಎಂದ ರಂಗಯ್ಯ. ಊಟಕ್ಕೆ ಮೊದಲಿನ ಶುಗರ್ ಮಾತ್ರೆಯನ್ನು ಆಗಲೇ ನುಂಗಿದ್ದರಿಂದ ಅವನ ಕಣ್ಣು ಪದೇ ಪದೇ ಎಲೆಯ ಕಡೆಗೇ ಹೋಗುತ್ತಿತ್ತು. ಯಾರೋ ಹೊಗೆಸೊಪ್ಪು ತಂದಿಟ್ಟರು. ಯಾರೋ ಅವಳ ಕನ್ನಡಕ ತಂದಿಟ್ಟರು. ರಂಗಯ್ಯ ಎಲೆಯ ಮುಂದೆ ನಿಂತು, ಮೂವತ್ತು ವರ್ಷದ ಹಿಂದೆ ಅಕ್ಕನ ಆಡನ್ನು ಹೇಳದೆ ಮಾರಿದ್ದು ತಾನೇ ಎಂದು ಒಪ್ಪಿಕೊಂಡ. ಕಾಗೆಗಳಿಗೆ ಅದು ಹೊಸ ಸುದ್ದಿಯಾಗಿ ಕಾಣಲಿಲ್ಲ. ಅಲ್ಲಿದ್ದವರಿಗೂ ಅಷ್ಟೇ.

ಕೆಂಚಕ್ಕ ಮಾತ್ರ ಮೆಟ್ಟಿಲ ಮೇಲೆ, ಅವ್ವ ಚೊಂಬು ಹಿಡಿದು ಕೂತಿದ್ದ ಜಾಗದಲ್ಲೇ ಕೂತಿದ್ದಳು. ಗಂಡನ ಕಡೆ ನೋಡಿದಳು. ಬೈದಿದ್ದರೆ ದಾಸಣ್ಣನಿಗೆ ಎಷ್ಟೋ ಹಗುರವಾಗುತ್ತಿತ್ತು.

ಅವನು ಅವಳ ಪಕ್ಕ ಕೂತ. "ಕೆಂಚಿ, ಅವು ನನ್ನ ಮಖ ಮರ್ತಿಲ್ಲ. ಹಂಗೇನೆ ನಿಮ್ಮವ್ವನ ಸೀರೇನೂ ಮರ್ತಿರಲ್ಲ. ಆ ಚೌಕುಳಿ ಸೀರೆ ಐತಾ?"

ಅವ್ವನ ಬಟ್ಟೆಯನ್ನೆಲ್ಲ ರೂಢಿಯಂತೆ ದಾನ ಕೊಟ್ಟಾಗಿತ್ತು. ಆ ಒಂದು ಸೀರೆಯನ್ನು ಮಾತ್ರ ಕೆಂಚಕ್ಕ ಯಾರಿಗೂ ಹೇಳದೆ ತನ್ನ ದಿಂಬಿನ ಕೆಳಗೆ ಇಟ್ಟುಕೊಂಡಿದ್ದಳು. ಎದ್ದು ಹೋಗಿ ತಂದುಕೊಟ್ಟಳು.

ನೆಂಟರೆಲ್ಲ ಕೆಳಗಿಳಿದರು. ದಾಸಣ್ಣ ಪಂಚೆಯ ಮೇಲೆಯೇ ಸೀರೆ ಸುತ್ತಿಕೊಂಡ. ಎಷ್ಟು ಸುತ್ತಿದರೂ ಅದು ಪಾದ ಮುಟ್ಟಲಿಲ್ಲ. ಸೆರಗನ್ನು ಮೀಸೆಯ ಕೆಳಗಿನ ತನಕ ಎಳೆದುಕೊಂಡು, ಅತ್ತೆಯ ಹಾಗೆ ಮಂಡಿಗೆ ಕೈಯೂರಿ ಮಹಡಿ ಹತ್ತಿದ. ಇದನ್ನು ಕಂಡು ರಂಗಯ್ಯನಿಗೆ ಅಳಬೇಕೋ ನಗಬೇಕೋ ತಿಳಿಯದೆ ಬಿಕ್ಕಳಿಕೆ ಹತ್ತಿತು.

ದಾಸಣ್ಣ ಎಲೆಯ ಪಕ್ಕ ಕುಕ್ಕರಗಾಲಲ್ಲಿ ಕೂತು ಚೊಂಬನ್ನು ಗೋಡೆಗೆ ಬಡಿದ. ಟ್ಯಾಂಕಿನ ಮೇಲಿನ ಬೈಗುಳ ನಿಂತಿತು. ಕಾಗೆಗಳು ಕತ್ತು ಓರೆ ಮಾಡಿ ನೋಡಿದವು. ಸೀರೆ ಹೌದು, ಚೊಂಬು ಹೌದು, ಆದರೆ ಮುದುಕಿ ಹೀಗೆ ಬಾಯಿ ಮುಚ್ಚಿಕೊಂಡು ಕೂತದ್ದನ್ನು ಅವು ಒಂದು ದಿನವೂ ಕಂಡಿರಲಿಲ್ಲ. ಹಾಗೇ ಕಾದವು.

ದಾಸಣ್ಣನಿಗೂ ಆ ಮಾತು ನೆನಪಾಯಿತು. ಬಾಯ್ಬಿಟ್ಟು ಕರೆಯಾತಂಕ. ಮದುವೆಯಾದಾಗಿನಿಂದ ಅತ್ತೆಯನ್ನು ಅವನು ನೇರವಾಗಿ ಅತ್ತೆ ಎಂದು ಕರೆದದ್ದೇ ಇಲ್ಲ. ಸೆರಗನ್ನು ಇನ್ನಷ್ಟು ಮುಂದಕ್ಕೆ ಎಳೆದುಕೊಂಡ.

"ಬರ್ರಿ ಅತ್ತೆ," ಎಂದ. "ಉಣ್ಣಾಕೆ ಬರ್ರಿ. ಅವತ್ತು ಬೀಗ ಹಾಕಿದ್ದು ತಪ್ಪಾತು. ನಿಮ್ಮ ಮಗಳು ಇನ್ನೂ ಉಂಡಿಲ್ಲ."

ಮೊದಲು ಒಂದು ಕಾಗೆ ಮೋಟುಗೋಡೆಗೆ ಬಂತು. ಅಲ್ಲಿಂದ ಕುಪ್ಪಳಿಸಿ ಎಲೆಗೆ ಬಂತು. ಮುದ್ದೆ ಬಿಟ್ಟು, ಒಬ್ಬಟ್ಟು ಬಿಟ್ಟು, ಮೆಣಸಿನಕಾಯಿ ಬಜ್ಜಿಯನ್ನೇ ಎತ್ತಿತು.

"ಮುಟ್ತು," ಎಂದು ಯಾರೋ ಮೆಟ್ಟಿಲಿನಿಂದ ಪಿಸುಗುಟ್ಟುವುದರೊಳಗೆ ರಂಗಯ್ಯ ಪಂಕ್ತಿಯಲ್ಲಿ ಕೂತು ಆಗಿತ್ತು. ಮೇಲೆ ಇಡೀ ಬಳಗ ಇಳಿದು ದಾಸಣ್ಣನ ಸುತ್ತ ನೆರೆಯಿತು. ಒಂದು ಕಾಗೆ ಅವನ ಮಂಡಿಯ ಮೇಲೂ ಕೂತಿತು. ಅವನು ಅಲುಗುವಂತಿಲ್ಲ. ಸೆರಗು ಜಾರಿ ಮುಖ ಕಂಡರೆ ನೆತ್ತಿ ಉಳಿಯುವುದಿಲ್ಲ, ಹೆಲ್ಮೆಟ್ ಕೆಳಗಿದೆ. ಸೆರಗಿನೊಳಗೆ ಕಣ್ಣೀರು ಮೀಸೆಗೆ ಇಳಿಯುತ್ತಿತ್ತು, ಒರೆಸಿಕೊಳ್ಳುವುದಕ್ಕೂ ಆಗಲಿಲ್ಲ. ಕೆಳಗೆ ಎರಡು ಪಂಕ್ತಿ ಎದ್ದರೂ ಅವನು ಹಾಗೇ ಕೂತಿದ್ದ.

ಕೊನೆಗೆ ಕೆಂಚಕ್ಕ ಹತ್ತಿ ಬಂದು ಬಾಗಿಲ ಹೊಸ್ತಿಲಲ್ಲಿ ಕೂತಳು. ಅವ್ವನ ಸೀರೆಯನ್ನು ತುಂಬ ಹೊತ್ತು ನೋಡಿದಳು. ಆಮೇಲೆ ಗಂಡನಿಗೆ ಚೆನ್ನಾಗಿ ಕೇಳಿಸುವಷ್ಟು ಗಟ್ಟಿಯಾಗಿ ಕಾಗೆಗಳಿಗೆ ಹೇಳಿದಳು:

"ಕೇಳ್ರಪ್ಪ, ನಮ್ಮನೆಯವರಿಗೆ ಎಲೆ ಹಾಕೀನಿ, ಇಳಿದು ಬರಾಕೆ ಹೇಳ್ರಿ. ಆ ಸೀರೇನೂ ಇವತ್ತೇ ಕೊಟ್ಟು ಕಳಿಸಾನಾ ಅಂತ ಕೇಳ್ರಿ."

ಸೆರಗಿನೊಳಗಿನಿಂದ ದಾಸಣ್ಣನೂ ಕಾಗೆಗಳಿಗೇ ಉತ್ತರ ಹೇಳಿದ.

"ಕೊಡಬ್ಯಾಡ ಅಂತ ಹೇಳ್ರಪ್ಪ. ನಾಳೆ ಬೆಳಿಗ್ಗೆ ಬೇಕಾಗ್ತೈತೆ."