ಇಟ್ಟಮಡುವಿನವರು ರೇಡಿಯೋ ಆಫ್ ಮಾಡಿ
ಮಧುಮತಿಗೆ ಜೀವಮಾನದಲ್ಲಿ ಫೋನ್ ಮಾಡಿದವರಿಗೆ ಹೇಳಿ ಹೇಳಿ ಸಾಕಾಗಿದ್ದ ಮಾತು ಒಂದೇ: 'ಮೊದ್ಲು ನಿಮ್ ರೇಡಿಯೋ ಸೌಂಡ್ ಕಮ್ಮಿ ಮಾಡಿ.' ಬನಶಂಕರಿಯ ಕಲ್ಯಾಣಮಂಟಪವೊಂದರ ಮಹಡಿಯ ಮೇಲಿನ ಹಳೇ ಹಾಡುಗಳ ಸ್ಟೇಷನ್ ಅದು. ಹಾಡಲು ಬಂದವಳನ್ನು, 'ಹಾಡೋದು ಬೇಡಮ್ಮ, ಮಾತಾಡು ಸಾಕು' ಎಂದು ಮೈಕಿನ ಮುಂದೆ ಕೂರಿಸಿದವರು ಸ್ಟೇಷನ್ ಕಟ್ಟಿದ ಅನಂತರಾಮು. ಕೂತವಳು ಎದ್ದೇ ಇಲ್ಲ ಬಿಡಿ. ಆಗೆಲ್ಲ ಕೋರಿಕೆಯ ಕಾರ್ಡುಗಳು ರಾಶಿ ಬೀಳುತ್ತಿದ್ದವು. ಒಮ್ಮೆ ವಿಳಾಸ ಸಮೇತ ಓದಿದ್ದಕ್ಕೆ ಯಾವುದೋ ಹೆಂಗಸಿನ ಗೇಟಿನ ಮುಂದೆ ಪೋಲಿಗಳು ನಿಂತು ದೊಡ್ಡ ರಂಪವಾಯಿತು. ಇನ್ನು ಮೇಲೆ ಹೆಸರು, ಏರಿಯಾ ಅಷ್ಟೇ, ವಿಳಾಸ ಕೇಳಲೇಕೂಡದು ಎಂದು ಅನಂತರಾಮು ಕಟ್ಟಪ್ಪಣೆ ಮಾಡಿದರು.

ಈಚೆಗಂತೂ ಫೋನುಗಳೂ ಕಡಿಮೆ. 'ಈ ಕಾಲದಲ್ಲಿ ಯಾರ್ ಸಾರ್ ಕೇಳ್ತಾರೆ ಇದನ್ನ? ಮುಚ್ಚಿಬಿಡಿ' ಎಂದು ಸ್ಟೇಷನ್ನಿಗೆ ದುಡ್ಡು ಹಾಕುವ ಟ್ರಸ್ಟಿನವರು ಮೂಗು ಮುರಿಯುತ್ತಿದ್ದರು. ಮಧುಮತಿಗೂ ಒಳಗೊಳಗೆ ಅದೇ ಅಳುಕು.

ಆ ಬೆಳಿಗ್ಗೆ ಪಕ್ಕದ ಬಡಾವಣೆ ಇಟ್ಟಮಡುವಿನ ದಾನಮ್ಮ ಫೋನ್ ಮಾಡಿದರು. ಗದಗಿನ ಕಡೆಯವರು. ಕಿವಿ ಮಂದ, ಹಾಗಾಗಿ ಅವರ ರೇಡಿಯೋ ಬೀದಿಗೆಲ್ಲ ಕೇಳುವಷ್ಟು ಜೋರು. ಕಮ್ಮಿ ಮಾಡಿ ಅಂದರೆ ಆ ಪುಣ್ಯಾತ್ಗಿತ್ತಿ ಹೂಂ ಅನ್ನುವುದೊಂದೇ, ಮಾಡುವವರಲ್ಲ.

'ಮನಿ ಬದಲಿ ಮಾಡೇವಿ ತಂಗಿ. ಇಲ್ಲಿ ಯಾರ ಗುರ್ತೂ ಇಲ್ಲ. ಮಗಳು ಬೊಮ್ಮನಹಳ್ಳಿ ಗಾರ್ಮೆಂಟ್ಸಿಗೆ ಹ್ವಾದ್ಲಂದ್ರ ನಿಮ್ಮ ರೇಡಿಯೋನ...'

ಮಾತು ಅಲ್ಲಿಗೇ ನಿಂತಿತು. ಧಡ್ ಎಂದು ಏನೋ ಬಿತ್ತು. ಒಂದು ನರಳಾಟ, ಆಮೇಲೆ ಅದೂ ಇಲ್ಲ. 'ದಾನಮ್ಮಾ? ದಾನಮ್ಮಾ?' ಎಂದು ಕೂಗಿದರೆ ಫೋನಿನಲ್ಲಿ ಅವಳದೇ ದನಿ, ಆ ಮನೆಯ ರೇಡಿಯೋದಿಂದ ವಾಪಸ್ ಬಂತು.

ಮಧುಮತಿ ತಕ್ಷಣ ಒಂದು ಹಾಡು ಹಾಕಿದಳು. ಅನಂತರಾಮು ತಮ್ಮ ಮೊಬೈಲಿನಲ್ಲಿ ಆಂಬ್ಯುಲೆನ್ಸಿಗೆ ಹೇಳುತ್ತಿದ್ದರು: 'ಇಟ್ಟಮಡು... ಎಲ್ಲಿ ಅಂದ್ರೆ... ಗೊತ್ತಿಲ್ಲಪ್ಪ, ನಾವು ಅಡ್ರೆಸ್ ಕೇಳಲ್ಲ.' ಹೇಳುತ್ತಲೇ ಅವರ ಮುಖ ಬಿಳಿಚಿಕೊಂಡಿತು.

ಫೋನಿನಲ್ಲಿ ಆ ಹಾಡು ಕಿವಿ ಗಡಚಿಕ್ಕುವಂತೆ ಮೊಳಗುತ್ತಿತ್ತು. ಅದನ್ನು ಕೇಳುತ್ತಿದ್ದ ಮಧುಮತಿಗೆ ಥಟ್ಟನೆ ಹೊಳೆಯಿತು. ಹಾಡು ತುಂಡರಿಸಿ ಮೈಕ್ ಹಾಕಿದಳು.

'ಇಟ್ಟಮಡುನಲ್ಲಿ ಯಾರಾದ್ರೂ ಕೇಳ್ತಿದ್ರೆ, ಕೈ ಮುಗೀತೀನಿ, ನಿಮ್ ರೇಡಿಯೋ ಆಫ್ ಮಾಡಿ ಬೀದಿಗೆ ಬನ್ನಿ. ಯಾವ ಮನೇಲಿ ನಮ್ ಸ್ಟೇಷನ್ ಇನ್ನೂ ಜೋರಾಗಿ ಹಾಡ್ತಿದ್ಯೋ, ಅಲ್ಲಿ ಒಬ್ರು ಆಂಟಿ ಬಿದ್ದಿದಾರೆ. ಬಾಗಿಲು ಒಡೆದಾದ್ರೂ ಒಳಗೆ ಹೋಗಿ.'

ಡೋಲಿನ ಅಬ್ಬರವಿರುವ ಹಾಡೊಂದನ್ನು ಹಾಕಿ ಫೋನನ್ನು ಕಿವಿಗೆ ಒತ್ತಿಕೊಂಡಳು. ಬರೀ ಹಾಡು. ಮುಗಿಯಿತು. ಮತ್ತೆ ಬೇಡಿಕೊಂಡಳು. ಮತ್ತೊಂದು ಹಾಡು. ಆ ಕಡೆ ಒಂದು ಹೆಜ್ಜೆಯ ಸದ್ದೂ ಇಲ್ಲ.

'ಯಾರೂ ಇಲ್ಲ ಸಾರ್. ಟ್ರಸ್ಟಿನವ್ರು ಹೇಳಿದ್ದೇ ನಿಜ. ಇಷ್ಟು ವರ್ಷ ನಾನು ಗೋಡೆ ಜೊತೆ ಮಾತಾಡಿದೀನಿ.'

'ಬಾಯ್ಮುಚ್ಚು! ಇನ್ನೊಂದು ಹಾಕು. ನಾವು ನಿಲ್ಲಿಸಿದ್ರೆ ಆ ಮನೆ ಸಿಗಲ್ಲ.'

ಹಾಕಿದಳು. ಪಲ್ಲವಿ ಮುಗಿಯುವಷ್ಟರಲ್ಲಿ ಫೋನಿನೊಳಗೆ ನಾಯಿ ಬೊಗಳಿತು. ಗೇಟು ಕಿರುಗುಟ್ಟಿತು.

'ಇಲ್ಲೇ ಕಣೋ, ಇದೇ ಮನೆ!'

'ನೀವೂ ಕೇಳ್ತೀರಾ ಆಂಟಿ ಈ ಸ್ಟೇಷನ್ನು?'

'ದಿನಾ ಕೇಳ್ತೀನಪ್ಪ. ಬೇಗ ಒದಿ ಬಾಗಿಲು!'

ಒಂದಲ್ಲ, ಎರಡಲ್ಲ, ಒಂದರ ಮೇಲೊಂದು ದನಿಗಳು. ಚಿಲಕ ಕಿತ್ತು ಬಂತು. ಯಾರೋ ಫೋನ್ ಎತ್ತಿಕೊಂಡರು.

'ಮೇಡಂ, ಉಸಿರಾಡ್ತಿದಾರೆ. ತಲೆಗೆ ಏಟಾಗಿದೆ, ಕಣ್ಣು ಬಿಡ್ತಿದಾರೆ.' ಆತ ಹೇಳಿದ ವಿಳಾಸವನ್ನು ಮಧುಮತಿ ಜೋರಾಗಿ ಒಪ್ಪಿಸಿದಳು, ಅನಂತರಾಮು ಆಂಬ್ಯುಲೆನ್ಸಿನವರಿಗೆ ತಿಳಿಸಿದರು.

'ಮೇಡಂ, ಈ ರೇಡಿಯೋ ಕಿವಿ ತೂತು ಬೀಳ್ಸ್ತಿದೆ. ಸೌಂಡ್ ಕಮ್ಮಿ ಮಾಡ್ಲಾ?'

'ಬೇಡಪ್ಪಾ' ಎಂದಳು ಮಧುಮತಿ, ಅಳು ತಡೆಯಲಾಗದೆ. 'ಅವ್ರಿಗೆ ಕಿವಿ ಮಂದ. ಸ್ವಲ್ಪಾನೂ ಕಮ್ಮಿ ಮಾಡ್ಬೇಡ.'