ಕೊನೆಯ ನಲ್ಲಿ ಮೊದಲು

ವಾಷರಣ್ಣನಿಗೆ ಅಪ್ಪ ಅಮ್ಮ ಇಟ್ಟ ಹೆಸರು ಬೇರೆ ಇದೆ. ಆ ಹೆಸರು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ. ಮೂವತ್ತು ವರ್ಷದಿಂದ ಪ್ಲಂಬರ್ ಕೆಲಸ. ಬೇರೆಯವರು ಜೇಬಿನಲ್ಲಿ ಪೆಪ್ಪರ್‌ಮಿಂಟು ಇಟ್ಟುಕೊಳ್ಳುವ ಹಾಗೆ ಇವನು ಕಪ್ಪು ರಬ್ಬರಿನ ವಾಷರ್ ಇಟ್ಟುಕೊಂಡಿರುತ್ತಾನೆ. ಎಲ್ಲಿ ನಲ್ಲಿ ತೊಟ್ಟಿಕ್ಕಿದರೂ ಕೈ ತಾನಾಗಿಯೇ ಜೇಬಿಗೆ ಹೋಗುತ್ತದೆ. ಕೆಲಸ ಚೊಕ್ಕ. ಕೋಪ ಮಾತ್ರ ಮೂಗಿನ ತುದಿಯಲ್ಲಿ. ಇನ್ನೊಬ್ಬ ಪ್ಲಂಬರ್ ಜೋಡಿಸಿ ಹೋದ ಪೈಪು ಕಣ್ಣಿಗೆ ಬಿದ್ದರೆ ಸಾಕು, ಆ ಪುಣ್ಯಾತ್ಮನ ಏಳು ತಲೆಮಾರಿನ ವಿಚಾರಣೆ ಶುರು. ಅರ್ಧ ಗಂಟೆಯಲ್ಲಿ ತಣ್ಣಗಾಗುತ್ತಾನೆ, ಅದು ನಿಜ. ಅಷ್ಟರಲ್ಲಿ ಆಗಬೇಕಾದದ್ದು ಆಗಿ ಹೋಗಿರುತ್ತದೆ.

ಹಾಗೆ ಆಗಿ ಹೋದವುಗಳಲ್ಲಿ ಮೂರು ಪ್ರವಾಸಗಳೂ ಸೇರಿದ್ದವು. ಮೊದಲನೆಯದು ಬಸ್ಸಿನ ಸೀಟಿನ ಜಗಳದಲ್ಲಿ ನಿಲ್ದಾಣದಲ್ಲೇ ಮುಗಿಯಿತು. ಎರಡನೆಯದರಲ್ಲಿ ಅರ್ಧ ದಾರಿ ತಲುಪಿದ್ದರು. ಯಾರದೋ ಮನೆಯ ಮಹಡಿಯ ಟ್ಯಾಂಕು ಒಡೆಯಿತೆಂದು ಫೋನು ಬಂತು, ಇವನು ಹೆಂಡತಿಯನ್ನು ಇಳಿಸಿಕೊಂಡು ಎದುರು ದಿಕ್ಕಿನ ಬಸ್ಸು ಹತ್ತಿದ. ಮೂರನೆಯದರಲ್ಲಿ ತಲುಪಿಯೂ ತಲುಪಿದರು. ಆದರೆ ತಂಗಿದ ವಸತಿಯ ಬಚ್ಚಲು ಸೋರುತ್ತಿತ್ತು. ಮಾಲೀಕನ ಜೊತೆ ಜಗಳವಾಡಿ, ಕೊನೆಗೆ ಅವನದೇ ಪಾನಾ ಇಸಿದುಕೊಂಡು ಮೂರು ದಿನ ಇಡೀ ಕಟ್ಟಡದ ಪೈಪು ಸರಿ ಮಾಡಿದ. ಬೆಟ್ಟ ನೋಡಲು ಹೋದ ಹೆಂಡತಿ ನೋಡಿದ್ದು ಗಂಡನ ಬೆನ್ನು.

ಹೆಂಡತಿ ಮನೆಯಲ್ಲೇ ಶಾಲೆ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಮುಂದಿನ ಕೋಣೆಯ ಅರ್ಧ ಅವಳ ಮೆಷಿನ್ನು, ಇನ್ನರ್ಧ ಅವನ ಪೈಪು ತುಂಡುಗಳು. ಮಧ್ಯೆ ನಡೆಯಲು ಒಂದು ಹಲಗೆಯಷ್ಟು ಜಾಗ. ವರ್ಷಕ್ಕೆ ಒಂದೇ ಸಲ, ಶಾಲೆಗಳ ಆರ್ಡರು ಮುಗಿದ ಮೇಲೆ, ಅವಳ ಮೆಷಿನ್ನಿಗೆ ಎಂಟು ದಿನ ಬಿಡುವು. ಈ ವರ್ಷ ಆ ಬಿಡುವು ಹತ್ತಿರ ಬಂದಾಗ ಅವಳು ಹಳೆಯ ಕ್ಯಾಲೆಂಡರಿನ ಒಂದು ಹಾಳೆ ಕತ್ತರಿಸಿ ಊಟದ ತಟ್ಟೆಯ ಪಕ್ಕ ಇಟ್ಟಳು. ನೀಲಿ ಸಮುದ್ರ, ಅದರಲ್ಲಿ ಡಬ್ಬಿಯಿಂದ ಚೆಲ್ಲಿದ ಗುಂಡಿಗಳ ಹಾಗೆ ಐದು ದ್ವೀಪ, ಅಂಚಿಗೆಲ್ಲ ತೆಂಗಿನ ಮರ.

“ಇಲ್ಲಿಗೆ ಹೋಗೋಣ ರೀ,” ಎಂದಳು. “ಈ ಸಲಾನೂ ಕೆಟ್ಟರೆ ನಾನು ತಮ್ಮನ ಜೊತೆ ಹೋಗ್ತೀನಿ. ಇನ್ನು ಮೇಲೆ ನಿಮ್ಮನ್ನ ಯಾವತ್ತೂ ಕರೆಯಲ್ಲ.”

ಅವಳು ಕೂಗಾಡಿದ್ದರೆ ಅವನೂ ಕೂಗಾಡಿ ಗೆದ್ದುಬಿಡುತ್ತಿದ್ದ. ಆದರೆ ಅವಳು ಹುಳಿಗೆ ಉಪ್ಪು ಸಾಕೇ ಎಂದು ಕೇಳುವ ದನಿಯಲ್ಲಿ ಹೇಳಿದ್ದಳು. ಅವನು ತಟ್ಟೆ ಪಕ್ಕಕ್ಕೆ ಸರಿಸಿ ಆ ಹಾಳೆ ಎತ್ತಿಕೊಂಡ.

ಮರುದಿನದಿಂದ ವಾಷರಣ್ಣ ಯೋಜನೆಗೆ ಇಳಿದ. ಇಳಿದದ್ದು ಅವನಿಗೆ ಗೊತ್ತಿದ್ದ ಒಂದೇ ರೀತಿಯಲ್ಲಿ: ಕಿವಿಯ ಮೇಲಿನ ಪೆನ್ಸಿಲ್ ತೆಗೆದು, ಹಳೆಯ ಅಂದಾಜು ಪಟ್ಟಿಯ ಹಿಂಬದಿಯಲ್ಲಿ ಪೈಪುಗಳ ನಕ್ಷೆ ಬರೆದ. ಬಂದರು ಎಂದರೆ ಟ್ಯಾಂಕು. ದೋಣಿಯ ದಾರಿ ಎಂದರೆ ಪೈಪು. ದಾರಿ ಕವಲೊಡೆಯುವ ಕಡೆ ಒಂದು ಟೀ ಜಾಯಿಂಟು, ತಿರುಗುವ ಕಡೆ ಒಂದು ಎಲ್ಬೋ. ಐದು ದ್ವೀಪಗಳು ಐದು ನಲ್ಲಿಗಳು. ಎಂಟು ದಿನಕ್ಕೆ ಐದು ನಲ್ಲಿ, ಲೆಕ್ಕ ಸಲೀಸು. ಜೊತೆಗೆ ಪ್ರತಿ ದ್ವೀಪದಿಂದಲೂ ಬಂದರಿಗೆ ಒಂದು ಚುಕ್ಕಿ ಗೆರೆ ಎಳೆದ. ಅದೇನೆಂದು ಹೆಂಡತಿ ಕೇಳಿದ್ದಕ್ಕೆ, ಬೈಪಾಸು, ಎಲ್ಲ ಒಳ್ಳೆಯ ಕೆಲಸದಲ್ಲೂ ಒಂದು ಬೈಪಾಸು ಇರಬೇಕು ಎಂದ. ಯಾರಾದರೂ ಫೋನು ಮಾಡಿದರೆ ಓಡಿ ಬರುವ ದಾರಿ ಅದು. ಅವನು ಹಾಗೆಂದು ಹೇಳಲಿಲ್ಲ. ಅವಳೂ ಮುಂದೆ ಕೇಳಲಿಲ್ಲ.

ಊರಿನಲ್ಲಿ ಎಡಗೈ ಎಂಬ ಇನ್ನೊಬ್ಬ ಪ್ಲಂಬರ್ ಇದ್ದಾನೆ, ಎಡಗೈಯಲ್ಲಿ ಪಾನಾ ಹಿಡಿಯುವವನು. ಎಂಟು ದಿನಕ್ಕೆ ಗಿರಾಕಿಗಳನ್ನು ಅವನಿಗೆ ಒಪ್ಪಿಸಿ ಹೋದರೆ ಬೈಪಾಸಿನ ಗೊಡವೆಯೇ ಇರುತ್ತಿರಲಿಲ್ಲ. ಆದರೆ ಎಡಗೈ ಪೈಪಿನ ಜೋಡಣೆಗೆ ದಾರ ಸುತ್ತುವುದು ಉಲ್ಟಾ, ಅವನು ಮುಟ್ಟಿದ ನಲ್ಲಿ ವಾರದಲ್ಲಿ ಅಳುತ್ತದೆ ಎಂಬುದು ವಾಷರಣ್ಣನ ವಾದ. ಇಬ್ಬರಿಗೂ ಒಂಬತ್ತು ವರ್ಷದಿಂದ ಮಾತಿಲ್ಲ.

ಹೆಂಡತಿಯ ತಮ್ಮನಿಗೆ ಜೆರಾಕ್ಸ್ ಅಂಗಡಿ. ಅವನು ನಕ್ಷೆಯನ್ನು ದೊಡ್ಡದು ಮಾಡಿ ಹತ್ತು ಪ್ರತಿ ತೆಗೆದ. ಒಂದನ್ನು ಭಾವನಿಗೆ ಕೊಟ್ಟ, ಮಿಕ್ಕವನ್ನು ಅಂಗಡಿಗೆ ಬಂದವರಿಗೆಲ್ಲ ತೋರಿಸಿದ. ಎರಡೇ ದಿನದಲ್ಲಿ ಊರಿಗೆ ಊರೇ ಸಲಹೆ ಕೊಡಲು ನಿಂತಿತು. ಸಿಂಕಿನ ಕೆಳಗೆ ತಲೆ ತೂರಿಸಿಕೊಂಡು ಮಲಗಿದ ಮನುಷ್ಯನಿಗೆ ಸಲಹೆ ಕೊಡುವುದು ಸುಲಭ, ಅವನು ಎದ್ದು ಹೋಗಲಾರ. ಒಬ್ಬರು ದೊಡ್ಡ ಟೋಪಿ ಎಂದರು, ಇನ್ನೊಬ್ಬರು ವಾಂತಿ ಮಾತ್ರೆ ಎಂದರು. ನಿವೃತ್ತ ಹೆಡ್‌ಮಾಸ್ತರರೊಬ್ಬರು ತಾವು ಎಂದೂ ನೋಡದ ಆ ದ್ವೀಪಗಳ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದರು. ಅವರ ಸಿಂಕು ಸರಿಹೋಗಲು ಬೇಕಾದದ್ದು ಹತ್ತು ನಿಮಿಷ.

ಟಿಕೆಟ್ ತೆಗೆಯಲು ಗಂಡ, ಹೆಂಡತಿ, ಅವಳ ತಮ್ಮ ಮೂವರೂ ಹೊರಟರು. ತಮ್ಮನನ್ನು ಯಾಕೆ ಕರೆದುಕೊಂಡು ಬಂದೆ ಎಂದು ವಾಷರಣ್ಣ ದಾರಿಯಲ್ಲಿ ಕೇಳಿದ. ಇರಲಿ ಎಂದಳು. ಆ ಒಂದು ಮಾತು ಸೊಳ್ಳೆಯ ಹಾಗೆ ಅವನ ಕಿವಿಯ ಸುತ್ತ ಸುತ್ತಿತು.

ದೋಣಿ ಟಿಕೆಟಿನ ಕಚೇರಿ ಬಸ್ ನಿಲ್ದಾಣದ ಮಹಡಿಯಲ್ಲಿತ್ತು. ಒಂದು ಮೇಜು, ಒಂದು ಕಂಪ್ಯೂಟರು, ಮೂರು ಪ್ಲಾಸ್ಟಿಕ್ ಕುರ್ಚಿ. ಮೇಜಿನ ಹಿಂದೆ ಕನ್ನಡಕದ ಹೆಂಗಸೊಬ್ಬಳು ಕೂತಿದ್ದಳು. ವಾಷರಣ್ಣ ನಕ್ಷೆ ಹರವಿ, ಎಲ್ಲಕ್ಕಿಂತ ದೂರದ ದ್ವೀಪದ ಮೇಲೆ ಬೆರಳಿಟ್ಟ. ಮೊದಲು ಇಲ್ಲಿಗೆ, ಆಮೇಲೆ ಒಂದೊಂದೇ ದ್ವೀಪ ನೋಡುತ್ತಾ ಹಿಂದಕ್ಕೆ ಬರುವುದು ಎಂದು ವಿವರಿಸಿದ. ದೂರದ್ದೇ ಯಾಕೆ ಮೊದಲು ಎಂದು ಆಕೆ ಕೇಳಿದಳು. ಅವನಿಗೆ ನಗು ಬಂತು, ಪಾಪ, ಕಚೇರಿಯವರಿಗೆ ಏನು ಗೊತ್ತು.

“ನೋಡಿಯಮ್ಮ, ಹೊಸ ಪೈಪಿಗೆ ನೀರು ಬಿಡುವಾಗ ಕೊನೆಯ ನಲ್ಲೀನ ಮೊದಲು ತೆಗೀಬೇಕು. ಇಲ್ಲಾಂದ್ರೆ ಒಳಗೆ ಗಾಳಿ ಸೇರ್ಕೊಂಡು ನೀರು ಮುಂದಕ್ಕೇ ಹೋಗಲ್ಲ. ಯಾವ ಕೆಲಸಾನೇ ಆಗ್ಲಿ, ದೂರದ್ದು ಮೊದಲು ಮುಗಿಸ್ಬೇಕು.”

ಆಕೆ ತಾಳ್ಮೆಯಿಂದ ಕೇಳಿಸಿಕೊಂಡಳು. ಆಮೇಲೆ ಪರದೆ ನೋಡಿ ಹೇಳಿದ್ದು ಇಷ್ಟು: ಹತ್ತಿರದ ನಾಲ್ಕು ದ್ವೀಪಗಳ ನಡುವೆ ದಿನಾ ದೋಣಿ ಓಡಾಡುತ್ತದೆ. ಆ ಕೊನೆಯ ದ್ವೀಪಕ್ಕೆ ಮಾತ್ರ ವಾರಕ್ಕೆ ಒಂದೇ ದೋಣಿ. ಸೋಮವಾರ ಇಳಿಸಿ ಹೋದರೆ ಕರೆದುಕೊಂಡು ಬರುವುದು ಮುಂದಿನ ಸೋಮವಾರ. ಮೊದಲು ಅಲ್ಲಿಗೆ ಹೋದರೆ ಇಡೀ ರಜೆ ಅಲ್ಲೇ ಮುಗಿಯುತ್ತದೆ, ಮಿಕ್ಕ ನಾಲ್ಕು ನೋಡಲಾಗುವುದಿಲ್ಲ. ಆ ನಾಲ್ಕು ಬೇಕಿದ್ದರೆ ಇದನ್ನು ಬಿಡಬೇಕು.

ವಾಷರಣ್ಣನ ಕಿವಿ ಕೆಂಪಾಯಿತು. ಹತ್ತು ಪ್ರತಿ ಜೆರಾಕ್ಸ್ ಆಗಿ ಊರೆಲ್ಲ ನೋಡಿದ ನಕ್ಷೆ! ವಾರಕ್ಕೊಂದು ದೋಣಿ ಬಿಡುವ ಮೂರ್ಖ ಯಾರು, ಅಲ್ಲಿರುವವರು ಮನುಷ್ಯರಲ್ಲವೇ, ಇಂಥ ಲೈನು ಎಳೆದವನ ಕೈಗೆ ಪಾನಾ ಕೊಟ್ಟವರು ಯಾರು ಎಂದು ಶುರು ಮಾಡಿದ. ಹೆಂಗಸು ಕನ್ನಡಕ ತೆಗೆದು ಒರೆಸುತ್ತಾ ಕೂತಳು. ಭಾವಮೈದುನ ಎದ್ದು ಗೋಡೆಯ ಮೇಲಿನ ವೇಳಾಪಟ್ಟಿ ಓದುವವನಂತೆ ಆ ಕಡೆ ತಿರುಗಿದ. ವಾಷರಣ್ಣ ನಕ್ಷೆ ಮಡಚಿ ಜೇಬಿಗೆ ತುರುಕಿಕೊಂಡು, ನಡಿಯೇ ಹೋಗೋಣ, ಇವರ ದ್ವೀಪವೂ ಬೇಡ ದೋಣಿಯೂ ಬೇಡ ಎಂದು ಬಾಗಿಲಿಗೆ ಹೋದ.

ಹೆಂಡತಿ ಏಳಲಿಲ್ಲ. ಕುರ್ಚಿಯನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

“ಮೇಡಂ, ಆ ದೂರದ ದ್ವೀಪಕ್ಕೆ ಹೋದ್ಮೇಲೆ ಮಧ್ಯದಲ್ಲಿ ವಾಪಸ್ ಬರಬೇಕು ಅಂದ್ರೆ?”

“ಆಗಲ್ಲಮ್ಮ. ದೋಣೀನೇ ಇಲ್ವಲ್ಲ.”

“ಏನೇ ತುರ್ತು ಕೆಲಸ ಬಂದ್ರೂ?”

“ಕಾಯಿಲೆ ಕಸಾಲೆ ಅಂದ್ರೆ ಬೇರೆ ಮಾತು. ಬೇರೆ ಯಾವುದಕ್ಕೂ ಇಲ್ಲ. ಅಲ್ಲಿ ಫೋನ್ ಕೂಡ ಸರಿಯಾಗಿ ಸಿಗಲ್ಲ.”

“ಹಾಗಾದ್ರೆ ಅದೇ ಕೊಡಿ. ಏಳು ರಾತ್ರಿ. ಎರಡು ಟಿಕೆಟ್.”

ಬಾಗಿಲ ಬಳಿ ನಿಂತಿದ್ದ ವಾಷರಣ್ಣ, ಅಲ್ಲ ಕಣೇ, ಒಂದೇ ದ್ವೀಪದಲ್ಲಿ ಏಳು ದಿನ ಕೂತು ಏನು ಮಾಡುವುದು, ಐದು ನೋಡಬೇಕಲ್ಲವೇ ಎಂದು ಗೊಣಗಿದ.

“ಎಷ್ಟು ದ್ವೀಪ ಬೇಕು ಅಂತ ನನ್ನನ್ನ ಯಾರಾದ್ರೂ ಕೇಳಿದ್ರಾ?” ಎಂದಳು ಅವಳು, ತಿರುಗಿ ನೋಡದೆ. “ನಂಗೆ ದ್ವೀಪ ಎಣಿಸೋದು ಬೇಕಿಲ್ಲ. ಫೋನ್ ಬಂದ್ರೂ ನೀವು ಎದ್ದು ಓಡೋಕಾಗದ ಒಂದು ಜಾಗ ಬೇಕಿತ್ತು. ಅಂಥದ್ದೊಂದು ಇದೆ ಅಂತ ಇವತ್ತು ಗೊತ್ತಾಯ್ತು. ನೀವು ಬರ್ತೀರೋ, ಇವನನ್ನ ಕರ್ಕೊಂಡು ಹೋಗ್ಲೋ?”

ವೇಳಾಪಟ್ಟಿಗೆ ಮುಖ ಮಾಡಿದ್ದ ಭಾವಮೈದುನ ಹೇಳಿದ, “ಭಾವ, ನನಗೂ ಅಂಗಡಿ ಇದೆ. ದಯವಿಟ್ಟು ನೀವೇ ಹೋಗಿ.”

ವಾಷರಣ್ಣ ಬಾಗಿಲಿನ ಚಿಲಕ ಹಿಡಿದು ನಿಂತ. ಅರ್ಧ ದಾರಿಯಲ್ಲಿ ಬಸ್ಸು ಇಳಿದ ಆ ದಿನ ಅವನ ನೆನಪಿಗೆ ಬಂತು. ಟ್ಯಾಂಕು ಯಾರದ್ದೆಂಬುದು ಅವನಿಗೆ ಈಗ ಮರೆತೇ ಹೋಗಿತ್ತು. ಇವಳು ರಸ್ತೆ ಬದಿಯಲ್ಲಿ ಎರಡೂ ಚೀಲ ತಾನೇ ಹಿಡಿದುಕೊಂಡು, ಒಂದು ಮಾತೂ ಆಡದೆ, ಎದುರು ದಿಕ್ಕಿನ ಬಸ್ಸಿಗೆ ಕೈ ಮಾಡಿದ್ದು ಮಾತ್ರ ಕಣ್ಣಿಗೆ ಕಟ್ಟಿತು. ಬೈದಿದ್ದರೆ ಚೆನ್ನಾಗಿತ್ತು. ಬೈದಿದ್ದಕ್ಕೆ ಉತ್ತರ ಕೊಟ್ಟು ಮರೆತುಬಿಡಬಹುದು. ಬಾಯಿ ಬಿಡದವರ ಬಾಕಿ ಹಾಗೇ ಉಳಿಯುತ್ತದೆ.

ಅವನು ಫೋನು ತೆಗೆದ. ಹೆಂಡತಿಯ ಮುಖ ಬಿಗಿಯಿತು. ಆದರೆ ಅವನು ಒಂಬತ್ತು ವರ್ಷದಿಂದ ಒತ್ತದ ನಂಬರೊಂದನ್ನು ಒತ್ತಿದ. ಆ ಕಡೆಯಿಂದ ಯಾರು ಎಂದು ಕೇಳಿರಬೇಕು.

“ನಾನಯ್ಯ, ವಾಷರ್. ಫೋನ್ ಇಡಬೇಡ. ಎಂಟು ದಿನ ನನ್ನ ಮನೆಗಳನ್ನ ನೀನು ನೋಡ್ಕೋಬೇಕು… ಹೂಂ, ಹೆಂಡತಿ ಜೊತೆ ಹೋಗ್ತಿದೀನಿ… ಇಲ್ಲ, ಬರೋಕಾಗಲ್ಲ, ದೋಣಿ ಇಲ್ಲ.” ಸ್ವಲ್ಪ ಹೊತ್ತು ಕೇಳಿಸಿಕೊಂಡ. “ದಾರ ಹೇಗಾದ್ರೂ ಸುತ್ತಿಕೋ, ನಾನು ಏನೂ ಅನ್ನಲ್ಲ.”

ಆ ಕೊನೆಯ ಮಾತು ಬಾಯಿಂದ ಬರುವಾಗ ಅವನ ಕತ್ತಿನ ನರ ಉಬ್ಬಿದ್ದನ್ನು ಮೂವರೂ ನೋಡಿದರು. ಫೋನು ಇಟ್ಟು ಬಂದು ಹೆಂಡತಿಯ ಪಕ್ಕದ ಕುರ್ಚಿಯಲ್ಲಿ ಕೂತ. ಕನ್ನಡಕದ ಹೆಂಗಸು ಕಂಪ್ಯೂಟರಿನ ಮೇಲೆ ಬೆರಳಿಟ್ಟು ಅವನ ವಯಸ್ಸು ಕೇಳಿದಳು.

“ಐವತ್ಮೂರು,” ಎಂದ.

“ಐವತ್ತೈದು,” ಎಂದಳು ಹೆಂಡತಿ. “ಬರ್ಕೊಳ್ಳಿ ಮೇಡಂ.”

ಭಾವಮೈದುನ ಎರಡು ಹೆಜ್ಜೆ ಹಿಂದೆ ಸರಿದ. ವಾಷರಣ್ಣ ಬಾಯಿ ತೆರೆದ, ಹೆಂಡತಿಯ ಕಡೆ ನೋಡಿದ, ಮುಚ್ಚಿದ. ಮತ್ತೆ ತೆರೆದಾಗ ದನಿ ತಗ್ಗಿತ್ತು.

“ಐವತ್ತೈದೇ ಇರ್ಲಿ. ಕಿಟಕಿ ಕಡೆ ಸೀಟು ಇವಳಿಗೆ ಕೊಡಿ.”